ಇವತ್ತು ಯಾರು ಮೊದಲು?

ಹುತ್ತರಿ ಕಳೆದು ಕಾಫಿ ಕೊಯ್ಲಿಗೆ ಆಳು ಹೊಂದಿಸುವ ಗಡಿಬಿಡಿ ಶುರುವಾಗುವ ಹೊತ್ತಿಗೆ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇನ್ನೊಂದು ಲೆಕ್ಕವೂ ಶುರುವಾಗುತ್ತದೆ. ಬೆಳಗ್ಗೆ ಎದ್ದ ಮೇಲೆ ಮನೆಯಲ್ಲಿದ್ದುಕೊಂಡೇ ಕೇಳಿದ ಅಥವಾ ಕಂಡ ಮೊದಲ ಕಾಡುಹಕ್ಕಿ ಯಾವುದೋ, ಅದರ ಹೆಸರನ್ನು ಆ ತಾರೀಖಿನ ಚೌಕದಲ್ಲಿ ಬರೆಯಬೇಕು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಕೆಲಸಕ್ಕೆ ಬಂದ ಆಳುಗಳ ಸಂಖ್ಯೆ ಇವುಗಳ ಸಂದಿಯಲ್ಲಿ ಭೀಮರಾಜ, ಮಡಿವಾಳ, ಕುಟುರ ಎಂದು ಸಣ್ಣಕ್ಷರದಲ್ಲಿ ಹೆಸರುಗಳು ತುಂಬುತ್ತ ಹೋಗುತ್ತವೆ. ಈ ಪದ್ಧತಿ ನಮ್ಮ ಅತ್ತೆಯದು. ಕಣ್ಣು ಮಂಜಾಗುತ್ತ ಬಂದ ಮೇಲೆ ಅವರಿಗೆ ಬೆಳಗಾಗುವುದೇ ಕಿವಿಯಲ್ಲಿ. ಬಚ್ಚಲೊಲೆಗೆ ಬೆಂಕಿ ಹಾಕಿ ನಾನು ಒಳಗೆ ಬರುವಷ್ಟರಲ್ಲಿ ಹಾಸಿಗೆಯಿಂದಲೇ ಕೇಳುತ್ತಾರೆ: “ಏನೇ, ಇವತ್ತು ಯಾರು ಮೊದಲು?”

ನಿಯಮಗಳನ್ನು ಮಾಡಿದವರೂ ಅವರೇ. ಮನೆಯ ಕೋಳಿ ಲೆಕ್ಕಕ್ಕಿಲ್ಲ. ರಾತ್ರಿಯ ಹಕ್ಕಿಗಳೂ ಇಲ್ಲ. ಐದು ಗಂಟೆಗೆ ಗೂಬೆಯೋ ನತ್ತಿಂಗವೋ ಕೂಗಿದರೆ “ಅದು ನಿನ್ನೆಯದ್ದು” ಎಂದು ತಳ್ಳಿಹಾಕುತ್ತಾರೆ. ಕಾಗೆ ಆಗಬಹುದು. ಕಾಗೆಯೂ ಹಕ್ಕಿಯೇ, ಅದಕ್ಕೂ ಬೆಳಗಾಗುತ್ತದೆ. ಆದರೆ ಅಂಗಳ ದಾಟಿ ಹೋಗಿ ಹುಡುಕುವಂತಿಲ್ಲ. ಆಟದ ಶಿಸ್ತಿಗಿಂತ ಜೀವದ ಮೇಲಿನ ಎಚ್ಚರವೇ ಈ ನಿಯಮಕ್ಕೆ ಕಾರಣ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ, ಮಾದಾಪುರದ ಆಸುಪಾಸಿನ ನಮ್ಮಂಥ ತೋಟಗಳಿಗೆ ಆನೆ ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು. ಬೆಳಕು ಹರಿಯುವ ಮುನ್ನ ಗೇಟಿನಾಚೆ ಕಾಲಿಡುವುದು ಯಾರಿಗೂ ಕ್ಷೇಮವಲ್ಲ. ಹಾಗಾಗಿ ಜಗಲಿ, ಕಾಫಿ ಒಣಗಿಸುವ ಕಣದ ಕಡೆಯ ಕಿಟಕಿ, ಅಡುಗೆಮನೆಯ ಹಿಂಬಾಗಿಲು, ಈ ಮೂರರಿಂದ ಎಷ್ಟು ಸಿಗುತ್ತದೋ ಅಷ್ಟೇ ನಮ್ಮದು. ಎಷ್ಟೊಂದು ಸಿಗುತ್ತದೆ ಎನ್ನುವುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ಮಾತು. ಕೊಡಗಿನಲ್ಲಿ ಡಿಸೆಂಬರ್ ನಡುವೆ ಸೂರ್ಯ ಹುಟ್ಟುವುದು ಸುಮಾರು 6.40ಕ್ಕೆ. ಡಿಸೆಂಬರ್ 21 ಅಥವಾ 22 ವರ್ಷದ ಅತಿ ಚಿಕ್ಕ ಹಗಲು, ಆಮೇಲೆ ಹಗಲು ಬೆಳೆಯುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬೆಳೆಯುವುದು ನಿಜ, ಆದರೆ ಮೊದಮೊದಲು ಬೆಳೆಯುವುದು ಸಂಜೆಯ ತುದಿಯಲ್ಲಿ ಮಾತ್ರ. ಸೂರ್ಯೋದಯ ಜನವರಿಯ ಕೊನೆಯ ವಾರದ ತನಕ ತಡವಾಗುತ್ತಲೇ ಹೋಗಿ 6.50ನ್ನು ದಾಟುತ್ತದೆ. ಭೂಮಿಯ ಅಕ್ಷ ವಾಲಿರುವುದೂ ಅದು ಸೂರ್ಯನ ಸುತ್ತ ಹೋಗುವ ದಾರಿ ಪೂರ್ತಿ ದುಂಡಗಿಲ್ಲದಿರುವುದೂ ಸೇರಿ ಗಡಿಯಾರಕ್ಕೂ ಸೂರ್ಯನಿಗೂ ಬೀಳುವ ಅಂತರ ಇದು. ಹಕ್ಕಿಗೆ ಗಡಿಯಾರದ ಹಂಗಿಲ್ಲ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಕೇಳುತ್ತಿದ್ದ ಮೊದಲ ದನಿ ಸಂಕ್ರಾಂತಿ ಕಳೆದ ಮೇಲೆ ಆರೂಕಾಲಿನ ಹತ್ತಿರ ಸರಿದಿರುತ್ತದೆ. ಹಗಲು ಉದ್ದವಾಗುತ್ತಿದೆ, ಹಕ್ಕಿ ಯಾಕೆ ತಡ ಮಾಡುತ್ತಿದೆ ಎಂದು ಅತ್ತೆ ಕೇಳಿದ್ದಕ್ಕೇ ನಾನು ಇದನ್ನೆಲ್ಲ ಹುಡುಕಿ ಓದಿದ್ದು.

ಮಳೆಗಾಲದ ಬೆಳಗುಗಳನ್ನು ಬಲ್ಲವರಿಗೆ ಚಳಿಗಾಲದ ಬೆಳಗು ಮೊದಲಿಗೆ ಬಡವಾಗಿ ಕೇಳುತ್ತದೆ. ಜೂನ್, ಜುಲೈ ತಿಂಗಳಲ್ಲಿ ತೋಡಿನ ಪಕ್ಕದ ಸಿಳ್ಳಾರ ಕತ್ತಲಿರುವಾಗಲೇ ಶುರುಮಾಡಿ, ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹೋದ ಹಾಗೆ ಉದ್ದಕ್ಕೆ ರಾಗ ಎಳೆಯುತ್ತದೆ. ಆ ರಾಗ ಗೂಡು ಕಟ್ಟುವ ಕಾಲದ್ದು. ಡಿಸೆಂಬರಿನಲ್ಲಿ ಅದೇ ಹಕ್ಕಿ ಅದೇ ಬಂಡೆಯ ಮೇಲಿಂದ ಚೂಪಾಗಿ ಒಂದೇ ಒಂದು ‘ಕ್ರೀ’ ಎಂದು ಸುಮ್ಮನಾಗುತ್ತದೆ. ಮಡಿವಾಳ ಹಕ್ಕಿಯದೂ ಹಾಗೆಯೇ. ಬೇಸಿಗೆ ಹತ್ತಿರವಾದಂತೆ ಮಾಡಿನ ತುದಿಯಲ್ಲಿ ಕೂತು ಎದೆಯುಬ್ಬಿಸಿ ಹಾಡುವ ಗಂಡು, ಈಗ ಬಚ್ಚಲ ನೀರು ಹರಿದು ಹೋಗುವ ಚರಂಡಿಯ ಬದಿಯಲ್ಲಿ ‘ಚರ್ರ್’ ಎಂದು ಗೊಣಗುತ್ತದೆ, ನಡುವೆ ಒಂದು ಸಣ್ಣ ಎಳೆದ ದನಿ ತೆಗೆಯುತ್ತದೆ, ಅಷ್ಟೇ. ಹಾಡಿಗೆ ಈಗ ಕೆಲಸವಿಲ್ಲ. ‘ನಾನಿಲ್ಲಿದ್ದೇನೆ, ಇದು ನನ್ನ ಜಾಗ, ಅಲ್ಲಿ ಬೆಕ್ಕಿದೆ’ ಎನ್ನುವಷ್ಟು ಮಾತು ಸಾಕು. ಈ ಚಿಕ್ಕ ಮಾತುಗಳಿಂದ ಹಕ್ಕಿಯನ್ನು ಗುರುತಿಸುವುದು ಹಾಡಿನಿಂದ ಗುರುತಿಸುವುದಕ್ಕಿಂತ ಕಷ್ಟ. ಹಾಡು ತಾನಾಗಿ ಬಂದು ಕಿವಿಗೆ ಬೀಳುತ್ತದೆ. ಕೂಗನ್ನು ಕಾದು ಹಿಡಿಯಬೇಕು.

ಯಾವ ಹಕ್ಕಿ ಮೊದಲು ಎಚ್ಚರಗೊಳ್ಳುತ್ತದೆ ಎನ್ನುವುದಕ್ಕೆ ಒಂದು ಸೊಗಸಾದ ವಿವರಣೆ ಇದೆ. ಬ್ರಿಟನ್ನಿನಲ್ಲಿ ರಾಬರ್ಟ್ ಥಾಮಸ್ ಮತ್ತು ಸಂಗಡಿಗರು ಹಲವು ಜಾತಿಯ ಹಕ್ಕಿಗಳು ಬೆಳಗ್ಗೆ ಹಾಡಲು ಶುರುಮಾಡುವ ಹೊತ್ತನ್ನೂ ಅವುಗಳ ಕಣ್ಣಿನ ಗಾತ್ರವನ್ನೂ ಹೋಲಿಸಿ 2002ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಕಣ್ಣು ದೊಡ್ಡದಿರುವ ಜಾತಿಗಳು ಮಬ್ಬುಗತ್ತಲಲ್ಲೇ ಶುರುಮಾಡುತ್ತವೆ, ಸಣ್ಣ ಕಣ್ಣಿನವು ಬೆಳಕಿಗೆ ಕಾಯುತ್ತವೆ ಎಂದು ಕಂಡುಬಂತು. ನಮ್ಮ ಕ್ಯಾಲೆಂಡರನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ. ಕಾಫಿ ಗಿಡಗಳ ಬುಡದ ಕತ್ತಲಲ್ಲಿ ದಿನವಿಡೀ ಓಡಾಡುವ ಸಿಳ್ಳಾರ, ಮಡಿವಾಳ, ನವರಂಗ ಇವೇ ಚೌಕಗಳಲ್ಲಿ ಪದೇಪದೇ ಬರುವ ಹೆಸರುಗಳು. ಬಿಸಿಲಿನಲ್ಲಿ ಹೂವಿನಿಂದ ಹೂವಿಗೆ ಹಾರುವ ಸೂರಕ್ಕಿಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಅದು ಸ್ನಾನದ ನೀರು ಕಾದು, ಎಲ್ಲರ ಬೆಲ್ಲದ ಕಾಫಿಯೂ ಮುಗಿದ ಮೇಲೆ ಬರುವ ಹಕ್ಕಿ.

ಭೀಮರಾಜನ ವಿಷಯ ಮಾತ್ರ ಬೇರೆ. ಮನೆಯ ಹಿಂದಿನ ಅತ್ತಿಮರ ಅವನ ಠಾಣೆ. ಕಪ್ಪು ಮೈ, ಹಣೆಯ ಮೇಲೆ ಜುಟ್ಟು, ಬಾಲದಿಂದ ಇಳಿಬಿದ್ದ ಎರಡು ತಂತಿ, ತಂತಿಯ ತುದಿಗೊಂದೊಂದು ಗರಿಯ ಬಿಲ್ಲೆ. ಹಾರುವಾಗ ಹಿಂದೆ ಎರಡು ದುಂಬಿಗಳು ಬೆನ್ನಟ್ಟಿದಂತೆ ಕಾಣುತ್ತದೆ. ಕಾಡುಕೋಳಿಯೂ ಕೂಗದ ಹೊತ್ತಿನಲ್ಲಿ ಅವನು ದನಿ ತೆಗೆಯುತ್ತಾನೆ, ಆದರೆ ತನ್ನ ದನಿಯನ್ನೇ ತೆಗೆಯುತ್ತಾನೆಂಬ ಭರವಸೆ ಇಲ್ಲ. ಕಳೆದ ಚಳಿಗಾಲದ ಒಂದು ಬೆಳಗ್ಗೆ ನಾನು ಪೆನ್ನು ಹಿಡಿದು ನಿಂತಿದ್ದೆ.

“ಅತ್ತೆ, ಕುಟುರ ಕೂಗಿತು. ಬರೀಲಾ?”

“ತಡಿ. ಕುಟುರ ಹಾಗೆ ಎರಡು ಸಲ ಕೂಗಿ ನಿಲ್ಲಿಸುತ್ತಾ? ಹಿಡಿದ ಪಟ್ಟು ಬಿಡದೆ ಕೂಗೋ ಹಕ್ಕಿ ಅದು. ಇದು ಅವನೇ. ಇನ್ನೊಂದು ಗಳಿಗೆ ಕಾಯಿ, ಬೇರೆ ಯಾರದ್ದಾದರೂ ದನಿ ತೆಗೀತಾನೆ.”

ಕಾದೆವು. ಅದೇ ಕೊಂಬೆಯ ಕಡೆಯಿಂದ ಪನ್ನಗಾರಿಯ ಸಿಳ್ಳೆ ಬಂತು. ಪನ್ನಗಾರಿ ಹದ್ದಿನ ಬಳಗದ್ದು, ಬಿಸಿಲೇರಿದ ಮೇಲೆ ತೋಟದ ಮೇಲೆ ಎತ್ತರದಲ್ಲಿ ಸುತ್ತುತ್ತ ಕೂಗುತ್ತದೆ. ಆರು ಗಂಟೆಯ ಕತ್ತಲಲ್ಲಿ ಅತ್ತಿಮರದ ಎಲೆಗಳ ಒಳಗೆ ಕೂತು ಕೂಗುವ ರೂಢಿ ಅದಕ್ಕಿಲ್ಲ. “ಬರಿ, ಭೀಮರಾಜ” ಎಂದರು ಅತ್ತೆ, ಹೊದಿಕೆ ಸರಿಸಿ ಏಳುತ್ತ.

ಈ ಅನುಕರಣೆ ಬರೀ ಹುಡುಗಾಟವಲ್ಲ ಎಂದು ತಿಳಿದ ಮೇಲೆ ನನಗೆ ಅವನ ಮೇಲೆ ಇನ್ನಷ್ಟು ಮಮತೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಏಬನ್ ಗುಡೇಲ್ ಮತ್ತು ಶರತ್ ಕೋಟಗಮ ಭೀಮರಾಜಗಳನ್ನು ವರ್ಷಗಟ್ಟಲೆ ಗಮನಿಸಿದರು. ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುವ ತಂಡಗಳಲ್ಲಿ ಭೀಮರಾಜ ಇರುತ್ತಾನೆ, ತಂಡದವರ ದನಿಗಳನ್ನೇ ಕೂಗಿ ಅವುಗಳನ್ನು ತನ್ನತ್ತ ಸೆಳೆಯುತ್ತಾನೆ ಎಂದು ತೋರಿಸಿದರು. ಉಳಿದ ಹಕ್ಕಿಗಳು ಎಲೆ ಕೆದಕಿದಾಗ ಎದ್ದು ಹಾರುವ ಹುಳು ಅವನ ಪಾಲು, ಗಿಡುಗ ಬಂದಾಗ ಮೊದಲು ಎಚ್ಚರಿಸುವುದು ಅವನ ಕೆಲಸ. ನಮ್ಮ ಅತ್ತಿಮರದಲ್ಲಿ ಬೆಳಗಿನ ಜಾವ ನಡೆಯುವುದೂ ಇಂಥದ್ದೇ ಹಾಜರಿ ಕರೆಯೋ ಏನೋ ಎಂದು ನನ್ನ ಊಹೆ. ಕೂಗಿ ಅರ್ಧ ಗಂಟೆಯೊಳಗೆ ಅವನ ಸುತ್ತ ಪಿಕಳಾರಗಳು, ಮರಕುಟಿಗ, ಬೂದು ಕಾಜಾಣ ಎಲ್ಲ ಸೇರಿರುತ್ತವೆ.

ನವರಂಗದ ಹೆಸರು ಬರೆಯುವ ದಿನ ಕೈ ಸ್ವಲ್ಪ ನಿಧಾನವಾಗುತ್ತದೆ. ಹಸಿರು, ನೀಲಿ, ಕಪ್ಪು, ಬಿಳಿ, ಮಾಸಲು ಹಳದಿ, ಬಾಲದಡಿ ಕುಂಕುಮ ಕೆಂಪು, ಇಷ್ಟೆಲ್ಲ ಹೊತ್ತುಕೊಂಡೂ ಕಾಫಿ ಗಿಡದಡಿ ತರಗೆಲೆ ಮಗುಚುತ್ತ ಯಾರ ಕಣ್ಣಿಗೂ ಬೀಳದೆ ಇರುವ ಹಕ್ಕಿ. ಹಿಮಾಲಯದ ತಪ್ಪಲಲ್ಲೂ ಮಧ್ಯಭಾರತದಲ್ಲೂ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಇಳಿಯುತ್ತದೆ. ಪಯಣವೆಲ್ಲ ರಾತ್ರಿಯೇ. ಬೆಳಗಿನ ನಸುಕಿನಲ್ಲೊಮ್ಮೆ, ಸಂಜೆ ಕತ್ತಲಾಗುವಾಗ ಇನ್ನೊಮ್ಮೆ ‘ವ್ಹೀಟ್-ಟ್ಯೂ’ ಎಂದು ಎರಡು ತುಂಡಿನ ಸಿಳ್ಳೆ ಹಾಕುತ್ತದೆ. ಕೊಯ್ಲಿಗೆ ಬರುವ ತಮಿಳು ಹೆಂಗಸರು ಅದನ್ನು ಆರುಮಣಿ ಕುರುವಿ ಎನ್ನುತ್ತಾರೆ. ಅವರಲ್ಲಿ ಹಿರಿಯಳಾದ ಒಬ್ಬಾಕೆ ಲೈನ್ ಮನೆಯಿಂದ ಬರುತ್ತಲೇ ಅತ್ತೆಯ ಕಿಟಕಿಯ ಹತ್ತಿರ ನಿಂತು “ಅಮ್ಮಾ, ಇವತ್ತು ಆರುಮಣಿ ಕೂಗಿತು, ಕೇಳಿದ್ರಾ?” ಎಂದು ವಿಚಾರಿಸದೆ ಚೀಲ ಕಟ್ಟಿಕೊಳ್ಳುವುದಿಲ್ಲ. ಮನೆಯವರ ಕಿವಿ ತಪ್ಪಿಸಿಕೊಂಡದ್ದು ಆಕೆಯ ಕಿವಿಗೆ ಬಿದ್ದಿದ್ದರೆ ಅದನ್ನೂ ಬರೆಯಬೇಕೆಂಬುದು ಅತ್ತೆಯ ತೀರ್ಪು. ಲೈನ್ ಮನೆಯೂ ಮನೆಯೇ ತಾನೆ.

ಕೇಳುವುದಕ್ಕಿಂತ ಮುಂಚೆ ಕಣ್ಣಿಗೆ ಬೀಳುವ ಹಕ್ಕಿ ಚಳಿಗಾಲದಲ್ಲಿ ಒಂದೇ: ಬೂದು ಸಿಪಿಲೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಉತ್ತರದ ಬೆಟ್ಟಗಳಿಂದ ಬಂದು, ಏಪ್ರಿಲ್ ತನಕ ನಮ್ಮ ಕಣವನ್ನು ತನ್ನದು ಮಾಡಿಕೊಂಡಿರುತ್ತದೆ. ರಾತ್ರಿ ಇಬ್ಬನಿ ಬೀಳದಂತೆ ಹಣ್ಣು ಕಾಫಿಯ ರಾಶಿಗಳಿಗೆ ಟಾರ್ಪಲ್ ಮುಚ್ಚಿರುತ್ತೇವೆ. ಅದರ ಮಡಿಕೆಗಳಲ್ಲಿ ನಿಂತ ಇಬ್ಬನಿ ನೀರಿಗೆ ಸಣ್ಣ ನೊಣಗಳು ಬಿದ್ದಿರುತ್ತವೆ. ಸಿಪಿಲೆ ಮಡಿಕೆಯ ಏಣಿನ ಮೇಲೆ ಓಡುತ್ತದೆ, ನಿಲ್ಲುತ್ತದೆ, ಹೆಕ್ಕುತ್ತದೆ, ಮತ್ತೆ ಓಡುತ್ತದೆ. ನಿಂತಾಗಲೂ ಬಾಲ ನಿಲ್ಲುವುದಿಲ್ಲ. ಬಾಲ ಏರಿದಾಗ ಅಡಿಯ ಹಳದಿ ಕಾಣುತ್ತದೆ, ಇಳಿದಾಗ ಮಾಯ. ಕಿಟಕಿಯ ಈಚೆ ಮೂರು ಮಾರು ದೂರದಲ್ಲಿ ನಾನಿದ್ದರೂ ಅದಕ್ಕೆ ಲಕ್ಷ್ಯವಿಲ್ಲ. ಟಾರ್ಪಲ್ ಸರಿಸಲು ಆಳು ಬಂದಾಗ ಮಾತ್ರ ‘ಚಿಟ್-ಚಿಟ್’ ಎಂದು ಅಲೆಯಲೆಯಾಗಿ ಹಾರಿ ಪಲ್ಪರ್ ಮನೆಯ ತಗಡಿನ ಮೇಲೆ ಕೂರುತ್ತದೆ. ಪ್ರತಿ ವರ್ಷ ಬರುವುದು ಅದೇ ಹಕ್ಕಿಯೇ ಎಂದು ಅತ್ತೆಗೆ ಅನುಮಾನವೇ ಇಲ್ಲ. ಮುಂಬೈಯ ಹೊರವಲಯದ ಒಂದು ಮನೆಯಂಗಳದಲ್ಲಿ ಕಾಲಿಗೆ ಉಂಗುರ ತೊಡಿಸಿದ ಬೂದು ಸಿಪಿಲೆ ಚಳಿಗಾಲ ಚಳಿಗಾಲಕ್ಕೂ ಅದೇ ಅಂಗಳಕ್ಕೆ ಮರಳಿದ್ದನ್ನು ಸಲೀಂ ಅಲಿ ಬರೆದಿದ್ದಾರೆ. ಆದ್ದರಿಂದ ನಾನು ಅತ್ತೆಯ ಮಾತನ್ನು ಅಲ್ಲಗಳೆಯಲಾರೆ.

ಎಲೆ ಉಲಿಯಕ್ಕಿಯನ್ನೂ ಹೇಳದೆ ಬಿಡಬಾರದು. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡ, ಕೆಲವೇ ಗ್ರಾಂ ತೂಗುವ ಈ ಹಸಿರು ಹಕ್ಕಿಗಳಲ್ಲಿ ಒಂದು ಜಾತಿ ಕಾಕಸಸ್ ಪರ್ವತಗಳ ಕಡೆಯಿಂದ ನಮ್ಮ ಪಶ್ಚಿಮ ಘಟ್ಟಕ್ಕೆ ಬರುತ್ತದೆ. ಬಂದ ಮೇಲೆ ಒಂದೊಂದು ಹಕ್ಕಿಯೂ ಕೆಲವು ಮರಗಳನ್ನು ತನ್ನದೆಂದು ಹಿಡಿದುಕೊಂಡು, ‘ಚಿಸ್‌ವೀ’ ಎಂದು ಸಾರುತ್ತ ಚಳಿಗಾಲವೆಲ್ಲ ಕಾಯುತ್ತದೆ. ಇದರ ಹತ್ತಿರದ ನೆಂಟನೊಬ್ಬನ ಈ ಬಗೆಯ ಚಳಿಗಾಲದ ಬದುಕನ್ನು ತಮಿಳುನಾಡಿನ ಮುಂಡಂತುರೈ ಕಾಡಿನಲ್ಲಿ ಮಧುಸೂದನ ಕಟ್ಟಿ ಅಧ್ಯಯನ ಮಾಡಿದ್ದಾರೆ. ನಮ್ಮ ಹಾಲುವಾಣದ ಮರದಲ್ಲಿರುವುದೂ ಇಂಥ ಒಂದು ಹಕ್ಕಿ. ಅದು ಮೊದಲನೆಯದಾಗುವುದು ಅಪರೂಪ, ಆದರೆ ಅದರ ದನಿ ಮೊದಲ ಬಾರಿ ಕೇಳಿದ ದಿನದಿಂದ ಅತ್ತೆ ಉಣ್ಣೆಯ ಶಾಲು ಹೊರತೆಗೆಯುತ್ತಾರೆ.

ಕ್ಯಾಲೆಂಡರಿನ ಹಾಳೆಗಳನ್ನು ಎಸೆಯದೆ ಇಟ್ಟುಕೊಂಡಿದ್ದೇವೆ. ಅವನ್ನು ತಿರುವಿ ಹಾಕಿದಾಗ ನನಗೆ ತಿಳಿದದ್ದು ಇಷ್ಟು: ಮೊದಲ ಹಕ್ಕಿ ಯಾವುದೆಂದು ನಿರ್ಧರಿಸುವುದು ಮನೆಯ ಸುತ್ತ ಏನಿದೆ ಎನ್ನುವುದು. ತೋಡಿನಲ್ಲಿ ನೀರಿದ್ದರೆ ಸಿಳ್ಳಾರ. ಗಿಡದಡಿಯ ತರಗೆಲೆಯನ್ನು ಗುಡಿಸದೆ ಬಿಟ್ಟಿದ್ದರೆ ನವರಂಗ. ಅತ್ತಿ ಹಣ್ಣಾದ ವಾರ ಕುಟುರ, ಈ ಸಲ ನಿಜವಾದ ಕುಟುರವೇ. ಜನವರಿ ದಾಟಿ ಹಾಲುವಾಣ ಎಲೆ ಉದುರಿಸಿ ಕೆಂಪು ಹೂವು ಬಿಟ್ಟಿತೆಂದರೆ ಗೊರವಂಕ, ಕಾಜಾಣ, ಪಿಕಳಾರಗಳ ಜಗಳದಲ್ಲಿ ಯಾರು ಮೊದಲೆಂದು ಹೇಳುವುದೇ ಕಷ್ಟ. ಹರಟೆಮಲ್ಲಗಳ ಗಲಾಟೆಯೇ ಮೊದಲು ಕೇಳಿದ ದಿನ ಕಾಡುಬೆಕ್ಕೋ ಹಾವೋ ಹತ್ತಿರದಲ್ಲಿದೆ ಎಂದು ತಿಳಿದು ನಾಯಿಯನ್ನು ಒಳಗೆ ಕಟ್ಟುತ್ತೇವೆ.

ಈ ತಿಳಿವಳಿಕೆ ಸಂತೋಷದ ಜೊತೆಗೆ ಚಿಂತೆಯನ್ನೂ ತಂದಿದೆ. ಕೊಡಗಿನ ತೋಟಗಳಲ್ಲಿ ಅತ್ತಿ, ನಂದಿ, ಹಲಸು, ಬೀಟೆಗಳಿದ್ದ ಜಾಗದಲ್ಲಿ ಸಿಲ್ವರ್ ಓಕ್ ಸಾಲುಗಳು ಎದ್ದಿವೆ. ಆಸ್ಟ್ರೇಲಿಯಾ ಮೂಲದ ಆ ಮರ ನೆಟ್ಟಗೆ, ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಊರಿನ ಮರಗಳಿಗೆ ಬೇಕಾದಷ್ಟು ಅನುಮತಿಯ ರಗಳೆ ಅದನ್ನು ಕಡಿಯಲು ಇಲ್ಲ. ಬೆಳೆಗಾರನ ಕಷ್ಟ ನನಗೆ ಗೊತ್ತು, ನಾವೂ ಬೆಳೆಗಾರರೇ. ಆದರೆ ಅತ್ತಿಯಲ್ಲಿ ಸಿಗುವ ಹಣ್ಣು ಸಿಲ್ವರ್ ಓಕಿನಲ್ಲಿ ಸಿಗದು. ಷಾರ್ಲಟ್ ಚಾಂಗ್, ಕೃತಿ ಕಾರಂತ ಮತ್ತು ಪಾಲ್ ರಾಬಿನ್ಸ್ ಕರ್ನಾಟಕದ ಕಾಫಿ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಡನ್ನೇ ನೆಚ್ಚಿಕೊಂಡ 79 ಜಾತಿಯ ಹಕ್ಕಿಗಳು ಈ ತೋಟಗಳಲ್ಲಿ ಬದುಕುತ್ತಿವೆ. ಅರೇಬಿಕಾ ತೋಟಗಳಲ್ಲಿ ವೈವಿಧ್ಯ ಹೆಚ್ಚು, ರೊಬಸ್ಟಾ ತೋಟಗಳೂ ಬರಿದಾಗಿಲ್ಲ. ಅಂದರೆ ನಮ್ಮ ನೆರಳು ಇನ್ನೂ ಕಾಡಿನ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತಿದೆ. ಆ ನೆರಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಚಿಂತೆ ಬೆಳಕಿನದು. ಕಾಫಿಗೆ ಬೆಲೆ ಬಂದ ಮೇಲೆ ಕಣದಿಂದ ಕಳವಾಗುವ ಭಯವೂ ಹೆಚ್ಚಿದೆ, ರಾತ್ರಿಯಿಡೀ ಹಗಲಿನಂಥ ದೀಪ ಉರಿಸುವ ಮನೆಗಳೂ ಹೆಚ್ಚಿವೆ. ವಿಯೆನ್ನಾ ಬಳಿಯ ಕಾಡಂಚಿನಲ್ಲಿ ಬಾರ್ಟ್ ಕೆಂಪೆನೇರ್ಸ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀದಿದೀಪದ ಹತ್ತಿರದ ಹಕ್ಕಿಗಳು ಕತ್ತಲಲ್ಲಿರುವ ಹಕ್ಕಿಗಳಿಗಿಂತ ಮುಂಚೆಯೇ ಹಾಡಲು ಶುರುಮಾಡುತ್ತವೆ ಎಂದು ಕಂಡಿತ್ತು. ರಾತ್ರಿ ಹಾರುವ ನವರಂಗದಂಥ ವಲಸೆ ಹಕ್ಕಿಗಳು ದೀಪಕ್ಕೆ ದಾರಿ ತಪ್ಪಿ ಮನೆಯೊಳಗೆ ಬಂದು ಬೀಳುವುದೂ ಉಂಟು. ಸುಳ್ಳು ಬೆಳಗಿಗೆ ಎದ್ದ ಹಕ್ಕಿಗೆ ನಿದ್ದೆಯೂ ಇಲ್ಲ, ಹುಳುವೂ ಇಲ್ಲ. ನಮ್ಮ ಕಣದ ದೀಪಕ್ಕೆ ತಗಡಿನ ಮರೆ ಕಟ್ಟಿ, ಬೆಳಕು ರಾಶಿಯ ಮೇಲೆ ಮಾತ್ರ ಬೀಳುವಂತೆ ಮಾಡಿದ್ದೇವೆ. ಕಾವಲಿಗೆ ಅಷ್ಟು ಸಾಕು.

ಕೊಡಗಿಗೆ ಹಕ್ಕಿಗಳನ್ನು ಬರೆದಿಡುವ ಒಳ್ಳೆಯ ಪರಂಪರೆ ಇದೆ. ಎಫ್.ಎನ್. ಬೆಟ್ಸ್ 1951ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇಲ್ಲಿನ ಹಕ್ಕಿಗಳ ಬಗ್ಗೆ ದೀರ್ಘವಾಗಿ ಬರೆದರು. ವಿರಾಜಪೇಟೆಯ ವೈದ್ಯ ಡಾ. ಎಸ್.ವಿ. ನರಸಿಂಹನ್ ಅವರ ‘ಕೊಡಗಿನ ಖಗರತ್ನಗಳು’ ನಮ್ಮ ಮನೆಯ ಜಗಲಿಯಲ್ಲೇ ಇರುತ್ತದೆ, ಅದರ ಹಾಳೆಗಳ ಮೇಲೆ ಅಡುಗೆಮನೆಯ ಕೈಗುರುತುಗಳಿವೆ. ಅವರೆಲ್ಲ ಮಾಡಿದ ಕೆಲಸದ ಮುಂದೆ ನಮ್ಮ ಕ್ಯಾಲೆಂಡರಿನ ಚೌಕಗಳು ಸಣ್ಣವು. ಆದರೂ ಒಂದೇ ಮನೆಯಿಂದ, ಒಂದೇ ಕಿಟಕಿಯಿಂದ ವರ್ಷಗಟ್ಟಲೆ ನೋಡುತ್ತ ಬಂದದ್ದಕ್ಕೆ ಅದರದೇ ಬೆಲೆ ಇದೆ ಎಂದು ನಾನು ನಂಬಿದ್ದೇನೆ. ಅಮೆರಿಕದಲ್ಲಿ 1998ರಲ್ಲಿ ಶುರುವಾಗಿ ಈಗ ಭಾರತದಲ್ಲೂ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೆ ಹದಿನೈದು ನಿಮಿಷ ಮನೆಯಲ್ಲೇ ನಿಂತು ಬರೆದ ಪಟ್ಟಿಯೂ ಸಲ್ಲುತ್ತದೆ.

ತೋಟವಿರುವ ಓದುಗರಲ್ಲಿ ಒಂದು ಬೇಡಿಕೆ. ಮಾರ್ಚಿನಲ್ಲಿ ಕೊಯ್ಲು ಮುಗಿದು, ಮಳೆಗೆ ಮುಂಚೆ ಮರಕಪಾತಿನವರು ಕತ್ತಿ ಹಿಡಿದು ಬಂದಾಗ ಮನೆಯ ಹತ್ತಿರದ ಅತ್ತಿಯನ್ನೂ ಹಾಲುವಾಣವನ್ನೂ ತೋರಿಸಿ, ಈ ಎರಡನ್ನು ಬಿಡಿ ಎಂದು ಮೊದಲೇ ಹೇಳಿ. ಅವರು ಮರ ಹತ್ತಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.